ಆಸ್ಪತ್ರೆಯ ಕಸವೂ ಅದನ್ನು ಹೊರುವ ಕೈಗಳೂ

ಕಲಾ ಕಾಲೇಜಿನ ವಿದ್ಯಾರ್ಥಿಗೆ ಆಸ್ಪತ್ರೆಯ ಕಸದ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವನು ವೈದ್ಯರ ವಿಷಯದಲ್ಲಿ ತಲೆಹಾಕುವುದು ಅಧಿಕಪ್ರಸಂಗವೆಂದು ತೋರಿದರೆ ತಪ್ಪಲ್ಲ. ಆದರೆ ನಮ್ಮ ದೊಡ್ಡಮ್ಮನವರು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೊರಗುತ್ತಿಗೆಯ ಮೇಲೆ ವಾರ್ಡು ಗುಡಿಸಿ, ಒರೆಸಿ, ಕಸ ಸಾಗಿಸುವ ಕೆಲಸ ಮಾಡುತ್ತಿದ್ದಾರೆ. 2020ರಲ್ಲಿ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಅವರು ಕೆಲಸ ಮುಗಿಸಿ ಬಂದು ಹಿತ್ತಿಲಿನಲ್ಲೇ ಸ್ನಾನ ಮಾಡಿ, ಒಳಗೆ ಬಾರದೆ ಜಗಲಿಯ ಮೇಲೆ ಮಲಗುತ್ತಿದ್ದುದನ್ನು ದಿನವೂ ಕಂಡಿದ್ದೇನೆ. ಬೀದಿಯ ನಲ್ಲಿಯಲ್ಲಿ ಅವರ ಕೊಡದ ಸರದಿ ಎಲ್ಲರದೂ ಆದ ಮೇಲೆ ಬರುತ್ತಿತ್ತು. ಆಗ ಅವರು ಆಡಿದ ಮಾತುಗಳು ನನಗೆ ಅರ್ಥವಾಗಿರಲಿಲ್ಲ. ಈಚೆಗೆ ಈ ವಿಷಯದ ಸರ್ಕಾರಿ ನಿಯಮಗಳನ್ನೂ ಕೆಲವು ವರದಿಗಳನ್ನೂ ಓದಿದ ಮೇಲೆ ಸ್ವಲ್ಪಮಟ್ಟಿಗೆ ಅರ್ಥವಾಗಿದೆ. ತಿಳಿದಷ್ಟನ್ನು ಸಹಪಾಠಿಗಳ ಮುಂದೆ ಇಡುತ್ತೇನೆ.

ಆಸ್ಪತ್ರೆಯ ಕಸವೆಲ್ಲ ವಿಷವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಅದರಲ್ಲಿ ನೂರಕ್ಕೆ ಸುಮಾರು 85 ಪಾಲು ನಮ್ಮ ಮನೆಗಳ ಕಸದಂಥದೇ; ಕಾಗದ, ರಟ್ಟಿನ ಪೆಟ್ಟಿಗೆ, ಹಣ್ಣಿನ ಸಿಪ್ಪೆ, ಉಳಿದ ಅನ್ನ ಮುಂತಾದುವು. ಮಿಕ್ಕ 15 ಪಾಲು ಮಾತ್ರ ಅಪಾಯಕರವಾದುದು. ಆದರೆ ಈ 15 ಪಾಲು ಆ 85ರೊಡನೆ ಬೆರೆತುಹೋಯಿತೋ, ಹಾಲಿಗೆ ಹುಳಿ ಹಿಂಡಿದಂತೆ, ನೂರಕ್ಕೆ ನೂರೂ ಕೆಟ್ಟಿತೆಂದೇ ಲೆಕ್ಕ. ಬೆರೆತುದನ್ನು ಮತ್ತೆ ಬೇರ್ಪಡಿಸೋಣವೆಂದರೆ ಯಾರಾದರೊಬ್ಬರು ಚೀಲದೊಳಗೆ ಕೈ ಹಾಕಲೇಬೇಕಾಗುತ್ತದೆ. ಆದುದರಿಂದ ಕಸ ಎಲ್ಲಿ ಹುಟ್ಟಿತೋ ಅಲ್ಲಿಯೇ, ಅದನ್ನು ಹುಟ್ಟಿಸಿದ ಕೈಯೇ, ಅದನ್ನು ಬೇರ್ಪಡಿಸಿ ಹಾಕತಕ್ಕದ್ದು. ನಮ್ಮ ದೇಶದ ನಿಯಮಗಳೆಲ್ಲ ನಿಂತಿರುವುದು ಈ ಒಂದು ಅಂಶದ ಮೇಲೆ.

ಆಸ್ಪತ್ರೆಯ ಕಸವನ್ನು ಕುರಿತ ನಿಯಮಗಳು ಭಾರತದಲ್ಲಿ ಮೊದಲಿಗೆ ಬಂದದ್ದು 1998ರಲ್ಲಿ. ಅವುಗಳ ಸ್ಥಾನದಲ್ಲಿ 2016ರ ಮಾರ್ಚ್ 28ರಂದು ಹೊಸ ನಿಯಮಗಳು ಪ್ರಕಟವಾದುವು. ಅವುಗಳಂತೆ ನಾಲ್ಕು ಬಣ್ಣಗಳಿವೆ. ರಕ್ತ ಕೀವು ಮೆತ್ತಿದ ಹತ್ತಿ, ಬಟ್ಟೆ, ಬ್ಯಾಂಡೇಜು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶ, ಅವಧಿ ಮೀರಿದ ಔಷಧ ಇವು ಹಳದಿ ಚೀಲಕ್ಕೆ. ಪ್ಲಾಸ್ಟಿಕ್ ಕೊಳವೆಗಳು, ಗ್ಲೂಕೋಸ್ ಬಾಟಲಿ, ಮೂತ್ರದ ಚೀಲ, ಕೈಗವಸು, ಸೂಜಿ ತೆಗೆದ ಸಿರಿಂಜು ಇವು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡು ಮೊದಲಾದ ಚುಚ್ಚುವ ವಸ್ತುಗಳು ತೂತು ಬೀಳದಂಥ ಗಟ್ಟಿಯಾದ ಬಿಳಿಯ ಡಬ್ಬಿಗೆ. ಗಾಜಿನ ಸೀಸೆಗಳು ನೀಲಿಗೆ. ಇದನ್ನು ಹೇಳಿದಷ್ಟು ಸುಲಭವಾಗಿ ಮಾಡಲಾಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ದಾದಿಯು ಅನೇಕ ರೋಗಿಗಳನ್ನು ನೋಡಿಕೊಳ್ಳುತ್ತಿರುವಾಗ, ಹತ್ತಿರದಲ್ಲಿ ಯಾವ ಬುಟ್ಟಿ ಇದೆಯೋ ಅದರ ಕಡೆಗೇ ಕೈ ಹೋಗುವುದು ಸಹಜ.

ಇಷ್ಟೆಲ್ಲ ಏತಕ್ಕೆ, ಒಟ್ಟಿಗೆ ಸುಟ್ಟುಬಿಟ್ಟರೆ ಪೀಡೆ ಕಳೆಯಿತಲ್ಲವೆ ಎಂದು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಹಳದಿ ಚೀಲದ ಕಸ ಹೋಗುವುದು ಎರಡು ಕೋಣೆಗಳುಳ್ಳ ದೊಡ್ಡ ದಹನ ಕುಲುಮೆಗೆ. ಮೊದಲ ಕೋಣೆಯಲ್ಲಿ ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಕಸ ಉರಿಯುತ್ತದೆ; ಅದರ ಹೊಗೆ ಎರಡನೆಯ ಕೋಣೆಯಲ್ಲಿ ಸುಮಾರು 1050 ಡಿಗ್ರಿಯ ಕಾವಿನಲ್ಲಿ ಕಡಮೆಯೆಂದರೆ ಎರಡು ಸೆಕೆಂಡುಗಳಾದರೂ ಇರಬೇಕು. ಏಕೆಂದರೆ ಕ್ಲೋರಿನ್ ಇರುವ ಪ್ಲಾಸ್ಟಿಕ್ಕನ್ನು ಅರೆಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕ್ಯಾನ್ಸರ್ ತರುವಂಥದು, ಬಹುಕಾಲ ಮಣ್ಣಿನಲ್ಲೂ ಪ್ರಾಣಿಗಳ ಕೊಬ್ಬಿನಲ್ಲೂ ಉಳಿಯುವಂಥದು. ಚಿಮಣಿಯಿಂದ ಹೊರಡುವ ಒಂದು ಘನಮೀಟರು ಹೊಗೆಯಲ್ಲಿ ಅದು ಒಂದು ನ್ಯಾನೊಗ್ರಾಮಿನ ಹತ್ತರಲ್ಲೊಂದು ಪಾಲನ್ನು ಮೀರಕೂಡದೆಂದು ನಿಯಮವಿದೆ. ನ್ಯಾನೊಗ್ರಾಮ್ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಆದುದರಿಂದಲೇ ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಸುಡುವುದಿಲ್ಲ. ಆಟೋಕ್ಲೇವ್ ಎಂಬ, ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿಗೆ ಅಣ್ಣನೆನ್ನಬಹುದಾದ ಪಾತ್ರೆಯಲ್ಲಿ 121 ಡಿಗ್ರಿಯ ಹಬೆಯಲ್ಲಿ ಒಂದು ಗಂಟೆ ಬೇಯಿಸಿ, ರೋಗಾಣುಗಳನ್ನು ಕೊಂದು, ಅನಂತರ ಯಂತ್ರದಲ್ಲಿ ಚೂರು ಚೂರು ಮಾಡುತ್ತಾರೆ.

ಚೂರು ಮಾಡುವುದಕ್ಕೂ ಕಾರಣವಿದೆ. ಇಡಿಯಾಗಿ ಹೊರಬಿದ್ದ ಸಿರಿಂಜನ್ನು ತೊಳೆದು ಮತ್ತೆ ಮಾರುವವರಿದ್ದಾರೆ. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತಮುತ್ತ ಹೆಪಟೈಟಿಸ್ ಬಿ ಎಂಬ ಕಾಮಾಲೆ ಹರಡಿ ಅನೇಕರು ಸತ್ತರು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದುದು ತನಿಖೆಯಲ್ಲಿ ಹೊರಬಂದಿತು.

ಇನ್ನು ಸಾಂಕ್ರಾಮಿಕದ ವಿಷಯ. ಕೋವಿಡ್ ರೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ಸಾಂಕ್ರಾಮಿಕವೆಂದು ಸಾರಿದ್ದು 2020ರ ಮಾರ್ಚ್ 11ರಂದು. ಭಾರತದಲ್ಲಿ ಅದರಿಂದಾದ ಮೊದಲನೆಯ ಸಾವು ಅದೇ ವಾರದಲ್ಲಿ ನಮ್ಮ ಕಲಬುರಗಿಯವರೊಬ್ಬರದು. ಆ ತಿಂಗಳಲ್ಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಕೋವಿಡ್ ಕಸಕ್ಕೆಂದು ಮಾರ್ಗಸೂಚಿ ಹೊರಡಿಸಿತು. ಜುಲೈ ತಿಂಗಳೊಳಗೆ ಅದನ್ನು ನಾಲ್ಕು ಸಲ ತಿದ್ದಿತು. ಚೀಲಗಳು ಎರಡು ಪದರದವಾಗಿರಬೇಕು. ಮೇಲೆ ‘ಕೋವಿಡ್-19 ಕಸ’ ಎಂಬ ಚೀಟಿ ಇರಬೇಕು. ತಳ್ಳುಗಾಡಿ, ಲೆಕ್ಕದ ಪುಸ್ತಕ ಬೇರೆಯಾಗಿರಬೇಕು. ಡಬ್ಬಿ, ಗಾಡಿಗಳನ್ನು ನೂರಕ್ಕೆ ಒಂದು ಪಾಲಿನ ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸಬೇಕು. ಇದು ಬ್ಲೀಚಿಂಗ್ ಪೌಡರಿನ ನೀರೇ. ಒಳ್ಳೆಯ ಪುಡಿಯಾದರೆ ಲೀಟರು ನೀರಿಗೆ 30ರಿಂದ 33 ಗ್ರಾಂ ಸಾಕು. ಆದರೆ ಕಲಸಿಟ್ಟ ನೀರಿನ ಸತ್ತ್ವ ಹೊತ್ತುಹೋದಂತೆ ಇಳಿಯುತ್ತದೆ. ರಕ್ತ, ಕೊಳೆ ಬಿದ್ದರಂತೂ ಬೇಗನೆ ಇಳಿಯುತ್ತದೆ. ಮೂರು ದಿನದ ಹಳೆಯ ನೀರಿನಲ್ಲಿ ಒರೆಸಿದವನು ಶುದ್ಧಿ ಮಾಡಿದೆನೆಂದು ತಿಳಿಯುತ್ತಾನೆ, ಅಷ್ಟೆ.

ಎಲ್ಲಕ್ಕಿಂತ ಗೊಂದಲವಾದದ್ದು ಪಿ.ಪಿ.ಇ. ಕಿಟ್ಟಿನ ವಿಷಯದಲ್ಲಿ. ತಲೆಯಿಂದ ಪಾದದವರೆಗೆ ತೊಟ್ಟ ಈ ಉಡುಪು ಒಂದೇ ಚೀಲಕ್ಕೆ ಹೋಗತಕ್ಕದ್ದಲ್ಲ. ಕನ್ನಡಕ, ಮುಖದ ಗುರಾಣಿ, ಪ್ಲಾಸ್ಟಿಕ್ ಏಪ್ರನ್, ಪ್ಲಾಸ್ಟಿಕ್ ನಿಲುವಂಗಿ, ಕೈಗವಸು ಇವು ಕೆಂಪಿಗೆ; ಮಾಸ್ಕು, ತಲೆಯ ಟೋಪಿ, ಪಾದದ ಹೊದಿಕೆ, ಪ್ಲಾಸ್ಟಿಕ್ ಅಲ್ಲದ ನಿಲುವಂಗಿ ಇವು ಹಳದಿಗೆ. ಗಾಳಿಯಾಡದ ಉಡುಪಿನಲ್ಲಿ ಗಂಟೆಗಟ್ಟಲೆ ನೀರು ಕುಡಿಯದೆ, ಬೆವರಿನಲ್ಲಿ ನೆಂದು, ಕನ್ನಡಕವೆಲ್ಲ ಮಂಜಾಗಿ ಹೊರಬಂದವರು ಈ ವಿಂಗಡಣೆಯನ್ನು ಎಣಿಸಿ ಎಣಿಸಿ ಮಾಡಬೇಕು. ಉಡುಪನ್ನು ತೊಡುವುದಕ್ಕಿಂತ ಕಳಚುವುದೇ ಹೆಚ್ಚು ಅಪಾಯದ್ದು. ನಿಲುವಂಗಿಯನ್ನು ಹೊರಮೈ ಒಳಗಾಗುವಂತೆ ಸುರುಳಿ ಸುತ್ತುತ್ತ ಇಳಿಸಬೇಕು, ಮಧ್ಯೆ ಮಧ್ಯೆ ಕೈ ಶುಚಿ ಮಾಡಿಕೊಳ್ಳಬೇಕು, ಮಾಸ್ಕನ್ನು ಎಲ್ಲಕ್ಕೂ ಕೊನೆಯಲ್ಲಿ ತೆಗೆಯಬೇಕು. ಕಳಚಿದುದನ್ನು ನೆಲದ ಮೇಲೆ ಎಸೆದು ಹೋದರೆ ಅದನ್ನು ಎತ್ತುವವರು ಇನ್ನೊಬ್ಬರು.

ಭಯದ ದಿನಗಳಲ್ಲಿ ಆದುದೇನೆಂದರೆ, ರೋಗಿಯ ಹಾಸಿಗೆಯ ಬಳಿಯಿದ್ದುದೆಲ್ಲ ಹಳದಿ ಚೀಲಕ್ಕೆ ಹೋಯಿತು. ಊಟದ ತಟ್ಟೆ, ನೀರಿನ ಬಾಟಲಿ, ಬಾಳೆಹಣ್ಣಿನ ಸಿಪ್ಪೆ, ಔಷಧದ ರಟ್ಟು, ಸುದ್ದಿ ಪತ್ರಿಕೆ ಎಲ್ಲವೂ ಕೋವಿಡ್ ಕಸವೇ. ಕುಲುಮೆಗಳಿಗೆ ಹೊರೆ ಹೆಚ್ಚಾಯಿತು. ಮಂಡಳಿಯು ತಿದ್ದಿದ ಮಾರ್ಗಸೂಚಿಯಲ್ಲಿ ಇಂಥ ಸಾಮಾನ್ಯ ಕಸವನ್ನು ಹಳದಿ ಚೀಲಕ್ಕೆ ಹಾಕಕೂಡದೆಂದು ಹೆಸರು ಹಿಡಿದು ಹೇಳಬೇಕಾಯಿತು. ಹಾಗೆಂದು ಆ ದಿನಗಳ ಭಯವನ್ನು ನಾನು ಹಳಿಯಲಾರೆ. ಪ್ಲಾಸ್ಟಿಕ್ಕಿನ ಮೇಲೆ ಈ ವೈರಸ್ಸು 72 ಗಂಟೆಗಳವರೆಗೂ ಜೀವ ಹಿಡಿದಿರಬಲ್ಲುದೆಂದು 2020ರ ಪ್ರಯೋಗವೊಂದು ತೋರಿಸಿತ್ತು. ಮುಖ್ಯವಾಗಿ ಹರಡುವುದು ಉಸಿರಿನಿಂದ, ಮುಟ್ಟಿದ ವಸ್ತುವಿನಿಂದಲ್ಲ, ಎಂಬುದು ಸ್ಪಷ್ಟವಾದದ್ದು ಆಮೇಲೆ. ಆದರೆ ಕಣ್ಣೆಲ್ಲ ಹೊಸ ವೈರಸ್ಸಿನ ಮೇಲೆ ನೆಟ್ಟಿದ್ದಾಗ ಹಳೆಯ ಶತ್ರುವಾದ ಸೂಜಿ ಎಲ್ಲಿಗೂ ಹೋಗಿರಲಿಲ್ಲ.

2020ರ ಆಗಸ್ಟ್ ತಿಂಗಳ ಒಂದು ಸಂಜೆ ದೊಡ್ಡಮ್ಮನವರು ಹಳದಿ ಚೀಲವೊಂದನ್ನು ಗಾಡಿಗೆ ಎತ್ತಿ ಹಾಕುವಾಗ ಒಳಗಿದ್ದ ಸೂಜಿ ಚೀಲವನ್ನೂ ಕೈಗವಸನ್ನೂ ತೂರಿ ಅಂಗೈಗೆ ಚುಚ್ಚಿತು. ಅವರು ಬೆರಳಿನಿಂದ ಹಿಂಡಿ ರಕ್ತ ತೆಗೆದು, ನೆಲ ಒರೆಸುವ ಬ್ಲೀಚಿಂಗ್ ನೀರನ್ನೇ ಗಾಯದ ಮೇಲೆ ಸುರಿದುಕೊಂಡರಂತೆ. ಎರಡೂ ತಪ್ಪು. ಗಾಯವನ್ನು ಹಿಂಡದೆ, ಉಜ್ಜದೆ, ಹರಿಯುವ ನೀರಿನಲ್ಲಿ ಸಾಬೂನಿನಿಂದ ತೊಳೆದು ಕೂಡಲೆ ವೈದ್ಯರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು ಎರಡು ಗಂಟೆಯೊಳಗೆ ಆರಂಭಿಸಿದರೆ ಉತ್ತಮ. 72 ಗಂಟೆ ದಾಟಿದರೆ ಉಪಯೋಗವಿಲ್ಲ. ದೊಡ್ಡಮ್ಮನವರು ಆ ರಾತ್ರಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಗುತ್ತಿಗೆದಾರರು ನಾಳೆಯಿಂದ ಬರಬೇಡವೆಂದಾರು ಎಂಬ ಅಂಜಿಕೆ. ಮಾರನೆಯ ದಿನ ಕೈ ಊದಿದ್ದನ್ನು ಕಂಡ ಒಬ್ಬ ಸಿಸ್ಟರ್ ಗದರಿಸಿ ವೈದ್ಯರ ಬಳಿಗೆ ಕರೆದೊಯ್ದರು.

ಆ ಸೂಜಿ ಯಾವ ರೋಗಿಯದೆಂದು ಯಾರಿಗೂ ತಿಳಿಯದು. ರೋಗವಿರುವವರ ರಕ್ತ ತಾಗಿದ ಸೂಜಿ ಚುಚ್ಚಿದರೆ ಎಚ್.ಐ.ವಿ. ಅಂಟುವ ಸಂಭವ ಸಾವಿರಕ್ಕೆ ಸುಮಾರು ಮೂರು. ಹೆಪಟೈಟಿಸ್ ಬಿ ಲಸಿಕೆ ಇಲ್ಲದವರಿಗೆ ನೂರಕ್ಕೆ ಮೂವತ್ತರವರೆಗೂ ಇದೆ. ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕು, ಕೆಲಸಕ್ಕೆ ಸೇರಿದಾಗಲೂ ಆಮೇಲೆ ವರ್ಷಕ್ಕೊಮ್ಮೆಯೂ ತರಬೇತಿ ಕೊಡಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು 2016ರ ನಿಯಮಗಳು ಆಸ್ಪತ್ರೆಯ ಮೇಲೆ ಹೊಣೆ ಹೊರಿಸಿವೆ. ಮೂರು ಸಲ ಹಾಕಿಸಬೇಕಾದ ಆ ಲಸಿಕೆಯನ್ನು ದೊಡ್ಡಮ್ಮನವರಿಗೆ ಒಂದೇ ಸಲ ಹಾಕಿದ್ದರು. ಎರಡನೆಯದರ ಹೊತ್ತಿಗೆ ಗುತ್ತಿಗೆ ಬದಲಾಗಿತ್ತು. ಮಾತ್ರೆ 28 ದಿನ ನುಂಗಿದರು. ರಕ್ತಪರೀಕ್ಷೆ ಅಂದೇ ಒಮ್ಮೆ, ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಆ ಆರು ತಿಂಗಳು ಅವರು ಮನೆಯ ಮಗುವನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ಏನೂ ಆಗುವುದಿಲ್ಲವೆಂದು ವೈದ್ಯರು ಹೇಳಿದ್ದರೂ ಮನಸ್ಸು ಒಪ್ಪಲಿಲ್ಲ. ಕೊನೆಯ ಪರೀಕ್ಷೆಯಲ್ಲೂ ದೋಷವಿಲ್ಲವೆಂದು ಬಂದಿತು.

ಯಾರ ಮೇಲೆ ಕೋಪವೆಂದು ಕೇಳಿದಾಗ ಅವರೆಂದದ್ದು ಇಷ್ಟು: “ಚೀಲ ನೋಡಿದ್ರೆ ಒಳಗೇನೈತೆ ಅಂತ ನಮಗೆ ಗೊತ್ತಾಗಲ್ಲ ಕಣಪ್ಪ. ಹಾಕ್ದೋರ್ಗೆ ಮಾತ್ರ ಗೊತ್ತು.” ನಿಯಮಗಳ ಪುಸ್ತಕ ಓದುವಾಗ ಈ ಮಾತು ನನಗೆ ಪುಟಪುಟದಲ್ಲೂ ನೆನಪಾಗುತ್ತಿತ್ತು. ವೈದ್ಯರು, ದಾದಿಯರು, ಪ್ರಯೋಗಶಾಲೆಯವರು ಚೀಲಕ್ಕೆ ಹಾಕುವವರು. ಅವರಿಗೆ ತರಬೇತಿ ಸಿಗುತ್ತದೆ, ಹೇಳಿಕೊಳ್ಳಲು ದನಿಯೂ ಇರುತ್ತದೆ. ಚೀಲ ಹೊರುವವರು, ಗಾಡಿ ತಳ್ಳುವವರು, ಕುಲುಮೆಯ ಬಾಯಿಗೆ ಸುರಿಯುವವರು ಮೇಲಿನವರ ಎಚ್ಚರವನ್ನು ನಂಬಿ ಕೈಯೊಡ್ಡುತ್ತಾರೆ. ಗುತ್ತಿಗೆ ಬದಲಾದಾಗ ತರಬೇತಿ ಪಡೆದವರೂ ಬದಲಾಗುತ್ತಾರೆ. ಬಣ್ಣದ ಚೀಲಗಳನ್ನು ಕೊಳ್ಳುವುದು ಸುಲಭ. ಹೊರುವವರ ಹೆಸರಿನಲ್ಲಿ ಒಂದು ಲಸಿಕೆ ಪುಸ್ತಕವಿಟ್ಟು, ಗುತ್ತಿಗೆ ಯಾರದಾದರೂ ಅದನ್ನು ಮುಂದುವರಿಸುವುದು ಅದಕ್ಕಿಂತ ಕಷ್ಟ, ಅದಕ್ಕಿಂತ ಅವಶ್ಯಕ ಎಂದು ನನ್ನ ಅಭಿಪ್ರಾಯ.

ಒಟ್ಟು ಕಸದ ಪ್ರಮಾಣ ಎಷ್ಟೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಫೆಬ್ರವರಿಯ ವರದಿಯನ್ನು ನೋಡಬಹುದು. 2020ರ ಮಾರ್ಚಿನಿಂದ 2021ರ ನವೆಂಬರಿನವರೆಗೆ ವಿಶ್ವಸಂಸ್ಥೆಯ ವ್ಯವಸ್ಥೆಯೊಂದರ ಮೂಲಕವೇ ಸುಮಾರು 87,000 ಟನ್ ರಕ್ಷಣಾ ಉಡುಪು ಕೊಳ್ಳಲಾಯಿತು. ದೇಶಗಳು ತಾವೇ ಕೊಂಡದ್ದು ಇದರಲ್ಲಿ ಸೇರಿಲ್ಲ. ಜಗತ್ತಿನಲ್ಲಿ ಹಾಕಿದ 800 ಕೋಟಿಗೂ ಮೀರಿದ ಲಸಿಕೆಗಳ ಸಿರಿಂಜು, ಸೂಜಿ, ಡಬ್ಬಿಗಳಿಂದ 1,44,000 ಟನ್ ಕಸವಾಯಿತು. ನಮ್ಮ ಲಸಿಕೆ ಶಿಬಿರಗಳಲ್ಲಿ ದಾದಿಯರು ಚುಚ್ಚಿದ ಕೂಡಲೆ ಸಿರಿಂಜಿನ ಮೂತಿಯನ್ನು ಸಣ್ಣ ಯಂತ್ರವೊಂದಕ್ಕೆ ತೂರಿಸಿ ಕತ್ತರಿಸುತ್ತಿದ್ದುದನ್ನು ನೀವೂ ನೋಡಿರಬಹುದು. ಸೂಜಿ ಒಂದು ಕಡೆ, ಪ್ಲಾಸ್ಟಿಕ್ ಇನ್ನೊಂದು ಕಡೆ. ಮತ್ತೆ ಯಾರೂ ಅದನ್ನು ಬಳಸುವಂತಿಲ್ಲ.

ಇನ್ನೊಂದು ವಿಷಯ. ಆಸ್ಪತ್ರೆಯ ಕಸ ಈಗ ಆಸ್ಪತ್ರೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ಸಕ್ಕರೆ ಕಾಯಿಲೆಗೆ ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಬೀದಿಬೀದಿಯಲ್ಲೂ ಇದ್ದಾರೆ. ಆ ಸೂಜಿಗಳು ತರಕಾರಿ ಸಿಪ್ಪೆಯೊಡನೆ ಪುರಸಭೆಯ ಗಾಡಿಗೆ ಬೀಳುತ್ತವೆ. ನಮ್ಮ ತಂದೆಯವರೂ ಹಾಗೆಯೇ ಎಸೆಯುತ್ತಿದ್ದರು. ಈಗ ದೊಡ್ಡಮ್ಮನವರು ತಂದುಕೊಟ್ಟ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದು ನಮ್ಮ ಅಲಮಾರಿನ ಮೇಲಿದೆ. ಮುಚ್ಚಳದಲ್ಲಿ ಸೂಜಿ ತೂರುವಷ್ಟೇ ಕಂಡಿ ಮಾಡಿದ್ದಾರೆ. ಮುಕ್ಕಾಲು ತುಂಬಿದ ಮೇಲೆ ಕಂಡಿಗೆ ಅಂಟುಪಟ್ಟಿ ಸುತ್ತಿ, ಮೇಲೆ ‘ಸೂಜಿ’ ಎಂದು ನನ್ನ ಕೈಯಿಂದ ಬರೆಯಿಸಿ, ಸಿಸ್ಟರಿಗೆ ಒಪ್ಪಿಸಲು ಆಸ್ಪತ್ರೆಗೆ ಒಯ್ಯುತ್ತಾರೆ.