ಪರದೇಶದಲ್ಲಿ ದುಡಿಯುವವರಿಗೆ ಊರಿನ ಆರೋಗ್ಯ ವಿಮೆ

ನಿಪ್ಪಾಣಿ, ಅಥಣಿ ಕಡೆಯಿಂದ ದುಬೈಗೆ ದುಡಿಯಲು ಹೋದವರು ರಜೆಗೆ ಬಂದಾಗ, ‘ಸಾಹೇಬ್ರ, ಅಲ್ಲಿ ಕಂಪನಿ ಇನ್ಶೂರನ್ಸ್ ಐತಿ, ಇಲ್ಲ್ಯಾಕ ಬೇಕು?’ ಎನ್ನುತ್ತಾರೆ. ಆ ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಐವತ್ತೈದರಲ್ಲಿ ಮರಳುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ ಜೊತೆಗೇ ಬರಬಹುದು.

ಮೊದಲೇ ಇದ್ದ ಕಾಯಿಲೆಗಳಿಗೆ ವಿಮಾ ಕಂಪನಿಗಳು ಕಾಯುವ ಅವಧಿ ವಿಧಿಸುತ್ತವೆ. 2024ರ ನಿಯಮದಂತೆ ಇದು ಹೆಚ್ಚೆಂದರೆ 3 ವರ್ಷ. ಆದ್ದರಿಂದ ಮರಳುವ 3–4 ವರ್ಷ ಮೊದಲೇ, ರಜೆಯಲ್ಲಿ ಬಂದಾಗ, ಇಲ್ಲಿ ಪಾಲಿಸಿ ಮಾಡಿಸಿ. ಪ್ರತಿವರ್ಷ ತಪ್ಪದೆ ನವೀಕರಿಸಿದರೆ ಅವಧಿ ಅಲ್ಲಿರುವಾಗಲೇ ಕಳೆಯುತ್ತದೆ. ವಿದೇಶದ ಚಿಕಿತ್ಸೆಗೆ ಇದು ಸಾಮಾನ್ಯವಾಗಿ ಅನ್ವಯಿಸದು. ಅಲ್ಲಿಯ ವಿಮೆ ಬಿಡಬೇಡಿ.

ಸಹಿ ಹಾಕುವ ಮುನ್ನ ಎರಡು ಸಂಗತಿ ನೋಡಿ. ಒಂದು, ದೊಡ್ಡ ಕಾಯಿಲೆಗೆ ನಾವು ಹೋಗುವುದು ಬೆಳಗಾವಿಗೆ, ಇಲ್ಲವೆ ಗಡಿ ದಾಟಿ ಮಿರಜ, ಸಾಂಗ್ಲಿ, ಕೊಲ್ಹಾಪುರಕ್ಕೆ. ಅಲ್ಲಿಯ ಆಸ್ಪತ್ರೆಗಳು ಕಂಪನಿಯ ನಗದುರಹಿತ ಪಟ್ಟಿಯಲ್ಲಿವೆಯೆ? ಎರಡು, ಕೋಣೆಯ ಬಾಡಿಗೆಗೆ ಮಿತಿ ಇದೆಯೆ? ದಿನಕ್ಕೆ 5,000 ರೂ. ಮಿತಿಯಿದ್ದು 10,000 ರೂಪಾಯಿಯ ಕೋಣೆ ಹಿಡಿದರೆ, ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕದಲ್ಲೂ ಅರ್ಧ ಕಡಿತವಾಗಬಹುದು.

ಕೊನೆಯದಾಗಿ, ಅರ್ಜಿಯಲ್ಲಿ ಇದ್ದ ಕಾಯಿಲೆ ಮುಚ್ಚಿಡಬೇಡಿ. ನನ್ನ ರೋಗಿಯೊಬ್ಬರು ಸಕ್ಕರೆ ಕಾಯಿಲೆ ‘ಇಲ್ಲ’ ಎಂದು ಬರೆಸಿದ್ದರು. ಹೃದಯದ ಚಿಕಿತ್ಸೆಯ ಕ್ಲೇಮು ತಿರಸ್ಕೃತವಾಗಿ, ಹೊಲ ಅಡವಿಡಬೇಕಾಯಿತು. ಸತ್ಯ ಬರೆದರೆ ಕಂತು ತುಸು ಹೆಚ್ಚೀತು, ಹೊಲ ಉಳಿದೀತು.