ಇಂಗ್ಲಿಷ್ ಬೋಧನೆಯ ಪದ್ಧತಿಗಳೂ ಕನ್ನಡದ ಮನೆಯೂ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಒಂದು ಪ್ರಶ್ನೆ ತಪ್ಪದೆ ತಲೆದೋರುತ್ತದೆ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್. ಇವುಗಳ ಜೊತೆಗೆ ಮನೆಯಲ್ಲಿ ಕನ್ನಡವೂ ಸೇರಿದರೆ ಮಗುವಿನ ಇಂಗ್ಲಿಷ್ ಕುಂಠಿತವಾಗದೇ? ಈ ಆತಂಕದಿಂದ ಕೆಲವು ತಾಯಿತಂದೆಯರು ಮನೆಯಲ್ಲಿಯೂ ಅರೆಬರೆ ಇಂಗ್ಲಿಷಿನಲ್ಲಿ ಮಾತನಾಡತೊಡಗುತ್ತಾರೆ. ಕೆಲವೇ ವರ್ಷಗಳಲ್ಲಿ ಅಜ್ಜಿಗೂ ಮೊಮ್ಮಗುವಿಗೂ ನಡುವಣ ಮಾತಿನ ಎಳೆ ಕಡಿದುಹೋಗುತ್ತದೆ. ಈ ಆತಂಕಕ್ಕೆ ಆಧಾರವುಂಟೇ ಎಂಬುದನ್ನು ಇಂಗ್ಲಿಷ್ ಬೋಧನೆಯ ಶಾಸ್ತ್ರದ ಬೆಳಕಿನಲ್ಲಿಯೇ ಪರಿಶೀಲಿಸುವುದು ಉಚಿತ.

ಈ ವಿಚಾರಕ್ಕೆ ಹೈದರಾಬಾದು ತಕ್ಕ ಸ್ಥಳವೇ ಸರಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಶಿಕ್ಷಣ ಮಾಧ್ಯಮವಾಗಿಯೂ ಇಂಗ್ಲಿಷನ್ನು ಕಡ್ಡಾಯ ಭಾಷೆಯಾಗಿಯೂ ಇರಿಸಿಕೊಂಡಿತ್ತು. ಅದರ ಸಮೀಪದಲ್ಲಿಯೇ ಇಂಗ್ಲಿಷ್ ಅಧ್ಯಾಪಕರ ತರಬೇತಿಗಾಗಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. 1972ರಲ್ಲಿ ವಿದೇಶೀ ಭಾಷೆಗಳೂ ಅದರ ಹೆಸರಿನಲ್ಲಿ ಸೇರಿದವು. 2007ರಲ್ಲಿ ಅದು ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಆರಂಭದ ವರ್ಷಗಳಲ್ಲಿ ಈ ಸಂಸ್ಥೆಯ ನಿರ್ದೇಶಕರಾಗಿದ್ದವರು ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರು. ಮುಂದೆ 1981ರಲ್ಲಿ, ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷರೂ ಅವರೇ. ಇಂಗ್ಲಿಷ್ ಬೋಧನೆಯ ಸಂಸ್ಥೆಯನ್ನು ನಡೆಸಿದವರು ಕನ್ನಡದ ಪ್ರಾಥಮ್ಯವನ್ನು ಎತ್ತಿಹಿಡಿದುದರಲ್ಲಿ ವಿರೋಧಾಭಾಸವೇನೂ ಇಲ್ಲವೆಂಬುದು ಮುಂದಿನ ವಿವೇಚನೆಯಿಂದ ಸ್ಪಷ್ಟವಾದೀತು.

ಪದ್ಧತಿಗಳು ಬೆಳೆದುಬಂದ ಬಗೆ

ಮೊದಲನೆಯದು ವ್ಯಾಕರಣ-ಭಾಷಾಂತರ ಪದ್ಧತಿ. ನಿಯಮವನ್ನು ಬಾಯಿಪಾಠ ಮಾಡುವುದು, ವಾಕ್ಯಗಳನ್ನು ಮಾತೃಭಾಷೆಗೆ ತಿರುಗಿಸುವುದು ಇದರ ಕ್ರಮ. ಹೀಗೆ ಕಲಿತವರು ಪುಸ್ತಕವನ್ನು ಓದಬಲ್ಲರು. ನಾಲ್ಕು ಮಾತನಾಡಬೇಕಾದರೆ ತಡವರಿಸುತ್ತಾರೆ. ಇದಕ್ಕೆ ಪ್ರತಿಯಾಗಿ ಬಂದ ನೇರ ಪದ್ಧತಿಯು ಮಾತೃಭಾಷೆಯನ್ನು ತರಗತಿಯಿಂದ ಹೊರಗಿಟ್ಟು, ವಸ್ತುವನ್ನು ತೋರಿಸಿ ಅದರ ಹೆಸರನ್ನು ಇಂಗ್ಲಿಷಿನಲ್ಲಿಯೇ ಹೇಳಿಸಿತು. ಮೇಜನ್ನು ತೋರಿಸುವುದು ಸುಲಭ. ‘ಪ್ರಾಮಾಣಿಕತೆ’ಯನ್ನು ತೋರಿಸುವುದು ಹೇಗೆ?

ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿ ಹರಡಿದ್ದು ರಚನಾ ಪದ್ಧತಿ. ಆಯ್ದ ಪದಗಳನ್ನೂ ವಾಕ್ಯರಚನೆಗಳನ್ನೂ ಸುಲಭದಿಂದ ಕಠಿಣಕ್ಕೆ ಶ್ರೇಣೀಕರಿಸಿ, ಸನ್ನಿವೇಶಗಳ ಮೂಲಕ ಮತ್ತೆ ಮತ್ತೆ ಆಡಿಸುವುದು ಇದರ ಸಾರ. ತರಗತಿಯಲ್ಲಿ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸುವ ಮಗು ಹೊರಗೆ ಬಂದೊಡನೆ ಅದನ್ನೇ ತಪ್ಪುತ್ತದೆಂಬುದು ಇದರ ದೊಡ್ಡ ಕೊರತೆಯಾಗಿ ಕಂಡಿತು. ವೇಲ್ಸಿನ ಡಾಡ್ಸನ್ 1967ರಲ್ಲಿ ಪ್ರತಿಪಾದಿಸಿದ ದ್ವಿಭಾಷಾ ಪದ್ಧತಿಯಾದರೋ ಬೇರೆ ದಾರಿ ಹಿಡಿಯಿತು: ಅರ್ಥವನ್ನು ಅಧ್ಯಾಪಕರು ಮಾತೃಭಾಷೆಯಲ್ಲಿ ಒಮ್ಮೆ ಹೇಳಿಬಿಟ್ಟರೆ, ಉಳಿದ ಹೊತ್ತೆಲ್ಲ ಇಂಗ್ಲಿಷಿನ ಅಭ್ಯಾಸಕ್ಕೆ ದೊರೆಯುತ್ತದೆ.

ಬೆಂಗಳೂರಿನ ಪ್ರಯೋಗ

ರಚನಾ ಪದ್ಧತಿಯ ಆ ಕೊರತೆಗೆ ಉತ್ತರ ಹುಡುಕಿದ ಪ್ರಯೋಗವೊಂದು ಕನ್ನಡ ನಾಡಿನ ಹೆಸರಿನಿಂದಲೇ ಜಗತ್ತಿಗೆ ಪರಿಚಿತವಾಗಿದೆ. 1963ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇದನ್ನು ನಡೆಸಿದರು. ಇಲ್ಲಿ ವ್ಯಾಕರಣದ ಪಾಠವಿಲ್ಲ. ರೈಲಿನ ವೇಳಾಪಟ್ಟಿಯನ್ನು ಮುಂದಿಟ್ಟು, ಇಂಥ ಹೊತ್ತಿಗೆ ಊರು ಸೇರಬೇಕಾದರೆ ಯಾವ ಗಾಡಿ ಹಿಡಿಯಬೇಕೆಂದು ಕೇಳುವುದು. ನಕ್ಷೆಯಲ್ಲಿ ದಾರಿ ಹುಡುಕಿಸುವುದು. ಮೊದಲು ಇಡೀ ತರಗತಿಯೊಡನೆ ಅಂಥದೊಂದು ಸಮಸ್ಯೆಯನ್ನು ಬಿಡಿಸಿ, ಅನಂತರ ಅದರಂತಹ ಇನ್ನೊಂದನ್ನು ಪ್ರತಿಯೊಂದು ಮಗುವಿಗೂ ಒಪ್ಪಿಸುವುದು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆಂಬುದು ಪ್ರಭು ಅವರ ಸಿದ್ಧಾಂತ.

ಇದನ್ನು ಪರೀಕ್ಷಿಸಿದ ಬೆರೆಟ್ಟಾ ಮತ್ತು ಡೇವೀಸ್ ಎಂಬ ವಿದ್ವಾಂಸರಿಗೆ ಕಂಡದ್ದು ಮಿಶ್ರಫಲ. ರಚನಾ ಪದ್ಧತಿಯ ಮಕ್ಕಳು ರಚನೆಯ ಪರೀಕ್ಷೆಯಲ್ಲಿಯೂ, ಪ್ರಯೋಗದ ಮಕ್ಕಳು ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿಯೂ ಮುಂದಿದ್ದರು. ಸ್ವತಃ ಪ್ರಭು ಅವರೇ 1990ರ ಲೇಖನವೊಂದರಲ್ಲಿ ಸರ್ವಶ್ರೇಷ್ಠವಾದ ಒಂದೇ ಪದ್ಧತಿ ಇಲ್ಲವೆಂದೂ, ತನ್ನ ಬೋಧನೆಯಿಂದ ಕಲಿಕೆ ಹೇಗೆ ಉಂಟಾಗುತ್ತದೆಂಬ ಬಗ್ಗೆ ಅಧ್ಯಾಪಕನಿಗಿರುವ ಜೀವಂತ ತಿಳಿವಳಿಕೆಯೇ ಮುಖ್ಯವೆಂದೂ ವಾದಿಸಿದರು.

ತಪ್ಪುಗಳಿಗೆ ಕನ್ನಡವೇ ಕಾರಣವೇ?

ಮಾತೃಭಾಷೆಯ ಪ್ರಭಾವ ಇಲ್ಲವೆನ್ನಲಾಗದು. ಕನ್ನಡದ ಮಗು ‘ಬುಕ್’ ಎನ್ನುವುದನ್ನು ‘ಬುಕ್ಕು’ ಎನ್ನುತ್ತದೆ. ಕನ್ನಡದಲ್ಲಿ ‘ಎ’, ‘ದಿ’ಗಳಂತಹ ಉಪಪದಗಳಿಲ್ಲವಾದುದರಿಂದ ಅವುಗಳನ್ನು ಬಿಟ್ಟುಬಿಡುತ್ತದೆ. ‘ಮೇಜಿನ ಮೇಲೆ’ ಎಂಬಲ್ಲಿ ಕೊನೆಗೆ ಬರುವ ಮಾತು ಇಂಗ್ಲಿಷಿನಲ್ಲಿ ಮೊದಲಿಗೇ ಬರುತ್ತದೆ. ಆದರೆ ‘ವೆಂಟ್’ ಎನ್ನುವ ಬದಲು ‘ಗೋಡ್’ ಎನ್ನುವ ತಪ್ಪನ್ನು ಇಂಗ್ಲಿಷರ ಮಕ್ಕಳೂ ಮಾಡುತ್ತಾರೆ. ಇದು ಕನ್ನಡದ ದೋಷವಲ್ಲ. ಮಗು ನಿಯಮವನ್ನು ತಾನೇ ಕಂಡುಕೊಳ್ಳುತ್ತಿರುವುದರ ಕುರುಹು. ಕಲಿಯುವವರ ತಪ್ಪುಗಳು ಕಲಿಕೆಯ ಸಾಕ್ಷ್ಯವೆಂದು ಪಿಟ್ ಕಾರ್ಡರ್ 1967ರಲ್ಲಿಯೇ ತೋರಿಸಿದರು. ಅಂತಹ ತಪ್ಪಿಗೆ ಗದರಿಸಿದರೆ ನಿಲ್ಲುವುದು ತಪ್ಪಲ್ಲ, ಮಾತು.

ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ಸಿದ್ಧಾಂತ ಇಲ್ಲಿ ಗಮನಾರ್ಹ. ಓದಿ ಗ್ರಹಿಸುವುದು, ಕಾರಣಗಳನ್ನು ಜೋಡಿಸುವುದು, ಕಂಡದ್ದನ್ನು ಕ್ರಮವಾಗಿ ಹೇಳುವುದು, ಈ ಸಾಮರ್ಥ್ಯಗಳು ಒಂದು ಭಾಷೆಯಲ್ಲಿ ಬಲಿತರೆ ಎರಡನೆಯ ಭಾಷೆಗೂ ಒದಗಿಬರುತ್ತವೆಂದು ಅವರ ಮತ. ಒಮ್ಮೆ ಈಜು ಕಲಿತವನಿಗೆ ಕೆರೆಯಾದರೇನು, ಹೊಳೆಯಾದರೇನು?

ಮನೆಯ ಪಾಲು

ಇಂಗ್ಲಿಷನ್ನು ಕಲಿಸುವ ಪದ್ಧತಿ ಯಾವುದಾಗಬೇಕೆಂಬುದು ಶಾಲೆಯ ಹೊಣೆ. ಮನೆಯ ಹೊಣೆ ಬೇರೆ. ತಾಯಿತಂದೆಯರು ತಮಗೆ ಸಲೀಸಾಗಿ ಬರುವ ಕನ್ನಡದಲ್ಲಿ ಮಗುವಿಗೆ ಕಥೆ ಹೇಳಲಿ. ಅದರ ಪ್ರಶ್ನೆಗಳಿಗೆ ಪೂರ್ಣವಾಗಿ ಉತ್ತರಿಸಲಿ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿದ ಪಾಠದ ಸಾರವನ್ನು ಸಂಜೆ ಕನ್ನಡದಲ್ಲಿ ಕೇಳಲಿ. ಹೇಳಲು ಬಂದರೆ ಪಾಠ ಅರ್ಥವಾಗಿದೆ. ಬಾರದಿದ್ದರೆ ಅದು ಬರಿಯ ಬಾಯಿಪಾಠ. ದಿನಕ್ಕೆ ಕಾಲು ಗಂಟೆ ಕನ್ನಡ ಅಕ್ಷರಗಳ ಓದು ಬರಹಕ್ಕೆ ಮೀಸಲಾಗಲಿ. ಮಗುವಿನೊಡನೆ ಇಂಗ್ಲಿಷ್ ಪುಸ್ತಕ ಓದುವುದಕ್ಕೂ ಇದರಿಂದ ಅಡ್ಡಿಯಿಲ್ಲ.

ಪದ್ಧತಿಗಳು ಒಂದರ ಹಿಂದೊಂದು ಬಂದಿವೆ, ಹೋಗಿವೆ. ಅರ್ಥವಿಲ್ಲದ ಮಾತು ಮನಸ್ಸಿನಲ್ಲಿ ನಿಲ್ಲದು ಎಂಬ ಅನುಭವ ಮಾತ್ರ ಉಳಿದಿದೆ. ಮಗುವಿಗೆ ಅರ್ಥಗಳ ಲೋಕ ಮೊದಲು ತೆರೆದುಕೊಳ್ಳುವುದು ಮನೆಯ ಮಾತಿನಲ್ಲಿ. ಆ ಬಾಗಿಲನ್ನು ಮುಚ್ಚಿ ಇಂಗ್ಲಿಷಿನ ಬಾಗಿಲನ್ನು ತೆರೆಯಬೇಕಾದ ಅಗತ್ಯ ಹೈದರಾಬಾದಿನ ಕನ್ನಡಿಗರಿಗೆ ಇಲ್ಲ.