ಚಿತ್ರದ ಹಿಂದೆಯೂ ಒಬ್ಬನ ಹಕ್ಕಿದೆ

ಹಾಸನದಿಂದ ಸುಮಾರು ಇಪ್ಪತ್ತು ಕಿ.ಮೀ. ದೂರದ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ ಒಂದು ಪಾಳು ಇಗರ್ಜಿ ಇದೆ. 1860ರ ದಶಕದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿಸಿದ ರೋಸರಿ ಚರ್ಚ್ ಅದು. ಗೊರೂರಿನಲ್ಲಿ ಅಣೆಕಟ್ಟು ಬಂದು ಊರು ಮುಳುಗಡೆಯಾದಾಗ ಜನರು ಬೇರೆಡೆಗೆ ಹೋದರು, ಇಗರ್ಜಿ ಅಲ್ಲಿಯೇ ಉಳಿಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಅದು ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಒಣನೆಲದ ಮೇಲೆ ಕಾಣಿಸುತ್ತದೆ. ಈ ದೃಶ್ಯವನ್ನು ಸೆರೆಹಿಡಿಯಲು ಛಾಯಾಗ್ರಾಹಕರು ದೂರದೂರುಗಳಿಂದ ಬರುತ್ತಾರೆ.

ಒಂದು ಧಾರ್ಮಿಕ ಪತ್ರಿಕೆಯವರು ಇಹಲೋಕದ ನಶ್ವರತೆಯ ಬಗ್ಗೆ ಲೇಖನ ಬರೆದು, ಮುಖಪುಟಕ್ಕೆ ಈ ಇಗರ್ಜಿಯ ಚಿತ್ರವನ್ನು ಎಲ್ಲಿಂದಲೋ ಎತ್ತಿ ಹಾಕಿದರು ಎಂದಿಟ್ಟುಕೊಳ್ಳೋಣ. ಚಿತ್ರ ತೆಗೆದವನ ಹೆಸರಿಲ್ಲ, ಸ್ಥಳದ ಹೆಸರೂ ಇಲ್ಲ. ಒಳಪುಟದಲ್ಲಿ ಮಾತ್ರ ಪ್ರಾಮಾಣಿಕತೆಯ ಉಪದೇಶ! ಇಂತಹ ಪತ್ರಿಕೆಯ ಬೋಧನೆ ಓದುಗರ ಹೃದಯ ತಟ್ಟೀತೇ?

ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರ ತೆಗೆದವನೇ ಅದರ ಕರ್ತೃ. ಸಂಬಳಕ್ಕೆ ತೆಗೆದ ಅಥವಾ ಹಣ ಕೊಟ್ಟು ತೆಗೆಸಿದ ಚಿತ್ರಗಳಲ್ಲಿ ಒಡೆತನ ಬೇರೆಯವರದಾಗಬಹುದು. ಆದರೆ ಒಡೆತನ ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಕೃತಿಸ್ವಾಮ್ಯವು ಕರ್ತೃವಿನ ಜೀವಿತಾವಧಿ ಹಾಗೂ ಅನಂತರದ 60 ವರ್ಷಗಳವರೆಗೆ ಇರುತ್ತದೆ.

ಆದರೆ ಸತ್ಯವಿಶ್ವಾಸಿಗೆ ಕಾನೂನಿನ ಭಯಕ್ಕಿಂತ ದೊಡ್ಡದೊಂದಿದೆ. ಅನ್ಯರ ಸೊತ್ತನ್ನು ಅವರ ಸಮ್ಮತಿಯಿಲ್ಲದೆ ಅನ್ಯಾಯವಾಗಿ ಕಬಳಿಸುವುದನ್ನು ಪವಿತ್ರ ಕುರ್‌ಆನ್ (4:29) ನಿಷೇಧಿಸಿದೆ. ಪ್ರವಾದಿ ಶುಐಬ್(ಅ)ರು ತಮ್ಮ ಜನರಿಗೆ ಅಳತೆ-ತೂಕ ಪೂರ್ಣಗೊಳಿಸಲು ಹೇಳಿದ ಜೊತೆಗೇ ಜನರ ವಸ್ತುಗಳಲ್ಲಿ ಕಡಿತ ಮಾಡಬಾರದೆಂದೂ ಎಚ್ಚರಿಸಿದರು (7:85). ತಾವು ಮಾಡದ ಕೆಲಸಕ್ಕೆ ಪ್ರಶಂಸೆ ಬಯಸುವವರಿಗೂ ಕುರ್‌ಆನ್ ತಾಕೀತು ನೀಡಿದೆ (3:188). ಕೃತಿಕಾರನ ಹಕ್ಕಿಗೆ ಶರೀಅತ್‌ನ ರಕ್ಷಣೆಯಿದೆಯೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದಾಗ ನಿರ್ಣಯಿಸಿತು.

ಮೂಲವನ್ನು ಹೆಸರಿಸುವುದು ನಮ್ಮ ಹಿರಿಯರ ಪದ್ಧತಿಯೇ ಆಗಿತ್ತು. ಹದೀಸ್ ವಿದ್ವಾಂಸರು ಒಂದು ಮಾತನ್ನು ದಾಖಲಿಸುವ ಮುನ್ನ ಅದು ಯಾರಿಂದ ಯಾರಿಗೆ ಬಂತೆಂಬ ಸರಪಣಿಯನ್ನು ಹೇಳುತ್ತಿದ್ದರು. 1505ರಲ್ಲಿ ನಿಧನರಾದ ಇಮಾಮ್ ಸುಯೂತಿಯವರು, ತಮ್ಮ ಬರಹವನ್ನು ಹೆಸರಿಲ್ಲದೆ ಬಳಸಿದವನ ವಿರುದ್ಧ ಒಂದು ಕಿರುಗ್ರಂಥವನ್ನೇ ಬರೆದಿದ್ದರು. ಇಂತಹ ಪರಂಪರೆಯವರು ಚಿತ್ರದ ವಿಷಯ ಬಂದಾಗ ಮಾತ್ರ ಮೂಲವನ್ನು ಮರೆಯುವುದು ಸರಿಯೇ?

‘ನಾವು ಲಾಭಕ್ಕಾಗಿ ಮಾಡುತ್ತಿಲ್ಲ, ದೀನಿನ ಸೇವೆಗಾಗಿ ಉಚಿತವಾಗಿ ಹಂಚುತ್ತೇವೆ’ ಎಂದು ಕೆಲವರು ಹೇಳುವುದುಂಟು. ಪರರ ತೋಟದ ಹಣ್ಣನ್ನು ಕೇಳದೆ ಕಿತ್ತು ದಾನ ಮಾಡಿದರೆ ಪುಣ್ಯ ಲಭಿಸುವುದೇ? ಅಲ್ಲಾಹನು ಪರಿಶುದ್ಧನು, ಪರಿಶುದ್ಧವಾದುದನ್ನೇ ಸ್ವೀಕರಿಸುತ್ತಾನೆ ಎಂಬುದು ಪ್ರವಾದಿ(ಸ)ರ ಬೋಧನೆ. ‘ಅಂತರ್ಜಾಲದಲ್ಲಿ ಸಿಕ್ಕಿತು’ ಎಂಬುದೂ ಉತ್ತರವಲ್ಲ. ದಾರಿಯಲ್ಲಿ ಸಿಕ್ಕಿದ ಪರ್ಸಿಗೂ ಒಬ್ಬ ಒಡೆಯನಿರುತ್ತಾನೆ. ‘ಕೃಪೆ: ಗೂಗಲ್’ ಎಂದು ಅಚ್ಚು ಹಾಕಿದರೆ ಆ ಒಡೆಯನ ಹೆಸರು ಹೇಳಿದಂತಾಗುವುದಿಲ್ಲ.

ಸ್ಥಳದ ಹೆಸರನ್ನು ಮರೆಮಾಚುವುದರಲ್ಲಿ ಇನ್ನೊಂದು ಅನ್ಯಾಯವಿದೆ. ಶೆಟ್ಟಿಹಳ್ಳಿಯ ಆ ಗೋಡೆಗಳ ನಡುವೆ ನೆರೆಯ ಕ್ರೈಸ್ತ ಕುಟುಂಬಗಳು ಪ್ರಾರ್ಥಿಸಿದ್ದವು. ಅದು ಅವರ ನೆನಪಿನ ತಾಣ. ಅಲ್ಲಾಹನ ನಾಮ ಸ್ಮರಿಸಲಾಗುವ ಸ್ಥಳಗಳೆಂದು ಕುರ್‌ಆನ್ (22:40) ಮಠ, ಇಗರ್ಜಿ, ಯಹೂದಿ ಪ್ರಾರ್ಥನಾಲಯ, ಮಸೀದಿಗಳನ್ನು ಒಟ್ಟಿಗೆ ಹೆಸರಿಸಿದೆ. ನಮ್ಮ ಮಸೀದಿಯ ಚಿತ್ರವನ್ನು ಯಾರಾದರೂ ‘ಒಂದು ಹಾಳು ಕಟ್ಟಡ’ ಎಂದು ಅಚ್ಚು ಹಾಕಿದರೆ ನಮಗೆ ನೋವಾಗದೇ?

ಹಾಗಾದರೆ ಮಾಡಬೇಕಾದುದೇನು? ಚಿತ್ರ ತೆಗೆದವರನ್ನು ಕೇಳಬೇಕು. ಅವರು ಒಪ್ಪಿದರೆ ಅವರ ಹೆಸರನ್ನೂ ಸ್ಥಳವನ್ನೂ ಅಚ್ಚು ಹಾಕಬೇಕು. ಬರೇ ಹೆಸರು ಹಾಕಿದರೆ ಅನುಮತಿ ಪಡೆದಂತಾಗದು. ವಿಕಿಮೀಡಿಯಾ ಕಾಮನ್ಸ್‌ನಂತಹ ಕಡೆಗಳಲ್ಲಿ ಮರುಬಳಕೆಗೆ ಮೊದಲೇ ಅನುಮತಿ ಕೊಟ್ಟ ಚಿತ್ರಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೂ ಹೆಸರು ಹಾಕಬೇಕೆಂಬ ಷರತ್ತಿದೆ, ಅದನ್ನು ಪಾಲಿಸಬೇಕು. ಒಡೆಯ ಯಾರೆಂದು ತಿಳಿಯದಿದ್ದರೆ ಆ ಚಿತ್ರವನ್ನು ಬಿಡುವುದೇ ಲೇಸು. ಊರಿನ ಯುವಕರಿಂದಲೇ ಚಿತ್ರ ತೆಗೆಸಿದರೆ ಇನ್ನೂ ಒಳ್ಳೆಯದು.

ಈಗಾಗಲೇ ತಪ್ಪಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ, ಆ ವ್ಯಕ್ತಿಯಲ್ಲಿ ಕ್ಷಮೆ ಕೇಳಬೇಕು. ದೀನಾರು, ದಿರ್ಹಮುಗಳು ಪ್ರಯೋಜನಕ್ಕೆ ಬಾರದ ದಿನ ಬರುವ ಮೊದಲೇ, ಅನ್ಯಾಯಕ್ಕೊಳಗಾದವನೊಡನೆ ಲೆಕ್ಕ ತೀರಿಸಿಕೊಳ್ಳಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ.

ಮಸೀದಿಯ ಕ್ಯಾಲೆಂಡರ್, ಸಭೆಯ ಪೋಸ್ಟರ್, ಮದ್ರಸದ ಸ್ಮರಣ ಸಂಚಿಕೆ, ಮೊಬೈಲಿನಲ್ಲಿ ಹಂಚುವ ಶುಭಾಶಯ- ಎಲ್ಲೆಡೆಯೂ ನಮ್ಮ ಮಕ್ಕಳು ನಮ್ಮನ್ನು ನೋಡುತ್ತಿದ್ದಾರೆ. ಇನ್ನೊಬ್ಬರ ಶ್ರಮವನ್ನು ಅವರ ಹೆಸರಿನೊಂದಿಗೆ ಗೌರವಿಸುವ ಅಭ್ಯಾಸವನ್ನು ಅವರು ನಮ್ಮಿಂದಲೇ ಕಲಿಯಲಿ.